ಬಾಳೆಹಣ್ಣು ಕೊನೆಗೆ

ಆ ಚೂರಿ ಬೇಡ ಲವಿಟಾ, ಅದು ಕೇಕಿಗೆ.
ಇದು ಹಿಡಿ. ಹಿಡಿಗೆ ಬಟ್ಟೆ ಸುತ್ತಿದ್ದು ನಾನೇ,
ಈ ಸೆಕೆಗೆ ಕೈ ಬೆವರಿ ಜಾರ್ತದೆ.
ಹೆಬ್ಬೆರಳ ಬುಡದಲ್ಲಿ ಹೊಲಿಗೆ ಕಂಡಿತಾ?
ತೊಂಬತ್ತೆಂಟರ ಮೇ ತಿಂಗಳು. ಪಪ್ಪಾಯಿ.

ಅನಾನಸು ಹಸಿ ಹಾಕಬೇಡ.
ಹಾಲಿಗೆ ಬಿದ್ದರೆ ಕಹಿ,
ಜೆಲ್ಲಿಗೆ ಬಿದ್ದರೆ ಜೆಲ್ಲಿ ನಿಲ್ಲುದೇ ಇಲ್ಲ, ಬರೀ ನೀರು.
ಸಕ್ಕರೆ ಪಾಕದಲ್ಲಿ ಎರಡು ಕುದಿ ಬರಿಸು,
ಆರಲಿಕ್ಕೆ ಬಿಡು, ಆಮೇಲೆ ಹೇಳಿದ ಹಾಗೆ ಕೇಳ್ತದೆ.
ಸಿಟ್ಟೂ ಹಾಗೆಯೇ ಅಂತ ಹೇಳುವ ಜನ ನಾನಲ್ಲ.
ನನ್ನ ಸಿಟ್ಟಿಗೆ ಯಾವ ಪಾಕವೂ ಸಾಕಾಗಲಿಲ್ಲ,
ಬೇಕಾದರೆ ನನ್ನ ಹೆಂಡತಿಯನ್ನು ಕೇಳು.

ಬಾಳೆಹಣ್ಣು ಕೊನೆಗೆ. ಯಾವತ್ತೂ ಕೊನೆಗೆ.
ಕದಳಿಯಾದರೆ ಇನ್ನೂ ಕೊನೆಗೆ,
ಗ್ಲಾಸು ಟೇಬಲ್ಲಿಗೆ ಹೊರಟು ನಿಂತಾಗ.
ಸೇಬಿಗೆ ಲಿಂಬೆ ನೀರು.
ಚಿಕ್ಕುವಿಗೆ ಎಂತದೂ ಬೇಡ, ಅದು ಹುಟ್ಟಿದ್ದೇ ಕಂದು,
ಬಣ್ಣ ಹೋದೀತು ಎಂಬ ಹೆದರಿಕೆ ಅದಕ್ಕಿಲ್ಲ, ಪಾಪ.

ಗಡ್‌ಬಡ್‌ಗೆ ಅಡಿಯಲ್ಲಿ ಜೆಲ್ಲಿ, ಅದರ ಮೇಲೆ ಹಣ್ಣು,
ಮತ್ತೆ ಐಸ್‌ಕ್ರೀಮು, ಮತ್ತೆ ಹಣ್ಣು, ಗೋಡಂಬಿ.
ಮೇಲಿನ ಚೆರಿ ಫೋಟೋಕ್ಕೆ.
ಆದರೆ ಉದ್ದದ ಚಮಚ ತಳ ಮುಟ್ಟುವಾಗ
ಅಲ್ಲಿ ಎಂತಾದರೂ ಇರಬೇಕು,
ಒಂದು ದ್ರಾಕ್ಷಿಯಾದರೂ.

ನಿಲ್ಲುದು ಹೇಗೆ ಅಂತ ಯಾರೂ ಕಲಿಸುದಿಲ್ಲ.
ಮೇಜಿನ ಅಡಿ ಒಂದು ಮರದ ತುಂಡುಂಟು, ನೋಡು,
ಅದರ ಮೇಲೆ ಒಂದು ಕಾಲು, ಕಾಲು ಗಂಟೆ,
ಆಮೇಲೆ ಇನ್ನೊಂದು.
ಮೂವತ್ತೊಂದು ವರ್ಷ ನಾನು ಎರಡರಲ್ಲೂ ನಿಂತೆ,
ದೊಡ್ಡ ಗಟ್ಟಿಗನ ಹಾಗೆ.
ಈಗ ಪ್ಯಾಂಟು ಎತ್ತಿದರೆ ಮೀನಖಂಡದ ನರಗಳು
ನೇತ್ರಾವತಿ, ಕುಮಾರಧಾರಾ, ಎಲ್ಲ ಹೊಳೆಗಳ ನಕ್ಷೆ.

ಮತ್ತೆ ನೀರು. ನನ್ನ ಸೀಸೆಯಲ್ಲಿ ಉಪ್ಪು,
ಎರಡು ಎಸಳು ಪುನರ್ಪುಳಿ ಉಂಟು, ನಿನಗೂ ತಂದೆ.
ಸಂಜೆ ಆರರಿಂದ ಒಂಬತ್ತರವರೆಗೆ
ಬಾತ್‌ರೂಮಿಗೆ ಹೋಗಲಿಕ್ಕೆ ಪುರುಸೊತ್ತಿಲ್ಲ ಅಂತ
ಒಂದು ಗುಟುಕೂ ಕುಡಿಯದ ಹುಡುಗಿಯರನ್ನು ಕಂಡಿದ್ದೇನೆ.
ಕುಡಿ. ಹೋಗು. ಗಿರಾಕಿ ಕಾಯ್ತಾನೆ,
ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ಕಾಯುದಿಲ್ವಾ?

ನಾನಾ? ತಿನ್ನುದಿಲ್ಲ. ಹನ್ನೊಂದು ವರ್ಷ ಆಯ್ತು.
ಕಂಕನಾಡಿಯ ಡಾಕ್ಟರು ಸಿಹಿ ಬೇಡ ಅಂತ ಬರೆದು
ಅಡಿಗೆರೆ ಎಳೆದು, ಎಂತ ಕೆಲಸ ನಿಮ್ಮದು ಅಂತ ಕೇಳಿದರು.
ಹೇಳಿದೆ.
ಅವರು ನಗು ನುಂಗಿದ್ದು ನನಗೆ ಕಂಡಿತು.
ಅಂದಿನಿಂದ ರುಚಿ ನೋಡುದು ಮೂಗಿನಲ್ಲಿ,
ಹಣ್ಣಾದ ಹಣ್ಣು ತೊಟ್ಟಿನ ಹತ್ತಿರ ಸುಳ್ಳು ಹೇಳುದಿಲ್ಲ.
ನಾಲ್ಕು ಗಂಟೆಗೆ ಹಿಂದಿನ ಮೆಟ್ಟಿಲಲ್ಲಿ ಕುಳಿತು
ಒಂದು ಪೇರಳೆ, ಅರೆಹಣ್ಣು, ಉಪ್ಪು ಮೆಣಸು ಹಾಕಿ,
ಬೆಕ್ಕಿಗೆ ಬೇಡ, ಹಾಗಾಗಿ ಪೂರ್ತಿ ನನಗೇ.

ನಿನ್ನ ಕಣ್ಣು ಯಾಕೆ ಹೀಗೆ ಬೀಗಿದೆ?
ಬೇಡ, ಹೇಳುದು ಬೇಡ.
ಸೌತೆಕಾಯಿ ಬಿಲ್ಲೆ ಇಟ್ಟರೆ ಒಳ್ಳೆದು ಅಂತ
ಮೊಬೈಲಿನಲ್ಲಿ ಹೇಳ್ತಾರಂತೆ. ಇಡು, ಫ್ರಿಜ್ಜಿನಲ್ಲುಂಟು.
ಸೌತೆ ಸಾಕಾಗದಿದ್ದರೆ, ಸೋಮವಾರ ರಜೆಯಲ್ಲ,
ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತು,
ತಣ್ಣೀರುಬಾವಿಯ ಗಾಳಿಮರದ ಅಡಿ ಕುಳಿತು
ಎಷ್ಟು ಬೇಕೋ ಅಷ್ಟು ಅಳು.
ಕಡಲಿನ ಗಲಾಟೆಯಲ್ಲಿ ಯಾರಿಗೂ ಕೇಳುದಿಲ್ಲ.
ನಾನು ಎರಡು ಸಲ ಹೋಗಿದ್ದೆ.
ಒಂದು ಸಲ ಅಳು ಬರಲೇ ಇಲ್ಲ,
ನೆಲಕಡಲೆ ತಿಂದು ವಾಪಸು ಬಂದೆ.

ದೂಮಣ್ಣಾ, ಅಂತ ಇಲ್ಯಾಸ ಕೂಗಿದ, ಬಂತು ನೋಡು,
ಏಳನೇ ಟೇಬಲ್ಲು. ಮೂರು ಗಡ್‌ಬಡ್,
ಒಂದು ಫ್ರೂಟ್ ಸಲಾಡ್ ಐಸ್ ಇಲ್ಲದ್ದು, ಅಜ್ಜಿಗೆ.
ಅಜ್ಜಿಯದ್ದು ಮೊದಲು ಮಾಡು.
ಬಾಯಲ್ಲಿ ಹಲ್ಲೇ ಇಲ್ಲ ಅಂತ ಲೆಕ್ಕ ಇಟ್ಟುಕೋ,
ಸಣ್ಣ, ಇನ್ನೂ ಸಣ್ಣ, ಬೆರಳು ಮಡಚು.
ಅಲ್ಲ, ಬಾಳೆಹಣ್ಣು...

ಹಾಂ. ಹಾಗೆ.