ಷರಾ

ಮಾಲೂರು ಕೈಗಾರಿಕಾ ಪ್ರದೇಶ, ಎರಡನೇ ಅಡ್ಡರಸ್ತೆ, ಶೀಟಿನ ಶೆಡ್ಡು.
ನಾನು ಬರೆಯುವ ದಪ್ಪ ಪುಸ್ತಕದಲ್ಲಿ ಐದು ಕಾಲಂ:
ಗಂಟೆ, ಶಾಖ, ತೇವ, ತಿರುಪಿನ ಸುತ್ತು,
ಕೊನೆಗೆ ಷರಾ.
ಅದಕ್ಕೆ ಸಿಕ್ಕಿದ್ದು ಅರ್ಧ ಅಂಗುಲ.

ಮುಸುಕಿನ ಜೋಳದ ನುಚ್ಚು, ರಾಗಿಹಿಟ್ಟು, ಒಂದಿಷ್ಟು ಅಕ್ಕಿತರಿ.
ಅಷ್ಟೇ ಇದ್ದಾಗ ಯಂತ್ರದ ತಕರಾರಿರಲಿಲ್ಲ.
ಕೊಳವೆಯೊಳಗೆ ಹಿಂಡಿಸಿಕೊಂಡು, ಬೆಂದು,
ಮೂರು ಮಿಲಿಮೀಟರ್ ತೂತಿನಾಚೆ
ಗಾಳಿ ಕಂಡದ್ದೇ ತಡ
ಒಳಗಿನ ನೀರೆಲ್ಲ ಹಬೆ;
ಕಡ್ಡಿ ಹೋಗಿ ಕಿರುಬೆರಳು.

ಆಮೇಲೆ ಬಂತು ಹುಚ್ಚೆಳ್ಳು.
ರಾಗಿ ಹೊಲದ ಅಂಚಿನಲ್ಲಿ ಹಳದಿ ಹೂ ಹೊತ್ತು
ತನ್ನ ಪಾಡಿಗೆ ನಿಲ್ಲುವಂಥದ್ದು
ಇಲ್ಲಿ ಎಣ್ಣೆ ಬಿಟ್ಟುಕೊಂಡು
ತಿರುಪಿನ ಹಿಡಿತದಿಂದ ಜಾರಿತು, ಜಾರಿತು,
ತಿಕ್ಕಾಟವೇ ಇಲ್ಲ, ಕಾವೇರುವುದೆಲ್ಲಿಂದ?
ನೂರಕ್ಕೆ ಐದು, ಪರವಾಗಿಲ್ಲ.
ನೂರಕ್ಕೆ ಹತ್ತು, ಸೀಮೆಸುಣ್ಣ.

ಶಾಖ ಏರಿಸಿ ಎಂದರು ಮಾಲೀಕರು.
ಏರಿಸಿದೆ, ನೂರ ಐವತ್ತು.
ಒಂದು ಗಳಿಗೆ ಹಿಗ್ಗಿ ಮರುಗಳಿಗೆ ಮುದುಡಿತು,
ಸೀದ ವಾಸನೆ ಸೀರೆಗೂ ಹತ್ತಿತು.
ನೀರು ಹೆಚ್ಚಿಸಿದೆ.
ಮಳೆಗಾಲದಲ್ಲಿ ಡಬ್ಬಿ ಮುಚ್ಚಲು ಮರೆತ ಚಕ್ಕುಲಿ.

ಸೊಣ್ಣಪ್ಪನನ್ನು ಕರೆದೆ. ಕರೆದೆ ಅಂದರೆ, ಭುಜ ತಟ್ಟಿದೆ:
ಹನ್ನೊಂದು ವರ್ಷ ಜಲ್ಲಿ ಕ್ರಷರಿಗೆ ಕೊಟ್ಟ ಕಿವಿ ಅವನದು.
ಒಂದು ಕಡ್ಡಿ ದವಡೆಯಲ್ಲಿಟ್ಟು ಕಣ್ಣು ಮುಚ್ಚಿದ.
"ಸದ್ದು ಮೊಂಡು."
ನಿನಗೆಲ್ಲಿ ಕೇಳಿಸ್ತು ಅಂತ ಸನ್ನೆ ಮಾಡಿದೆ.
ಕೆನ್ನೆಯ ಮೂಳೆ ತೋರಿಸಿದ.

ಆ ರಾತ್ರಿ ಏಳು ಸಲ ಬದಲಿಸಿದೆವು.
ತೇವ ಹದಿನಾರು, ಹದಿನೈದು, ಹದಿನಾಲ್ಕು.
ಸುತ್ತು ಇನ್ನಷ್ಟು ಜೋರು.
ಶಾಖ ನೂರ ಮೂವತ್ತೈದಕ್ಕೆ, ಹುಚ್ಚೆಳ್ಳು ಏಳಕ್ಕೆ.
ಪ್ರತಿ ಸಲವೂ ಅವನ ದವಡೆ,
ಪ್ರತಿ ಸಲವೂ ಆಚೀಚೆ ಅಲ್ಲಾಡುವ ತಲೆ.
ನಡುವೆ ಒಮ್ಮೆ ಟೀ ಆರಿಹೋಯಿತು.

ಬೆಳಗಿನ ಮೊದಲ ರೈಲು
ಶೆಡ್ಡಿನ ಶೀಟನ್ನೆಲ್ಲ ಗಡಗಡಿಸಿ ಹೋಯಿತು,
ಅವನಿಗೆ ಗೊತ್ತೇ ಆಗಲಿಲ್ಲ.
ಬಿಸಿ ಕಡ್ಡಿಯೊಂದನ್ನು ಆರಿಸಿ, ಕಚ್ಚಿ,
ಇದ್ದಕ್ಕಿದ್ದಂತೆ ತಿರುಗಿದ,
ಹಿಂದಿನಿಂದ ಯಾರೋ ಹೆಸರು ಹಿಡಿದು ಕೂಗಿದ ಹಾಗೆ.
"ಅಕ್ಕಯ್ಯಾ, ಇದು!"
ಹಲ್ಲಿನ ಸಂದಿಯಲ್ಲೊಂದು ಕರಿ ಬೀಜ.

ಗಂಟೆ ಬರೆದೆ. ಶಾಖ, ತೇವ, ಸುತ್ತು ಬರೆದೆ.
ಉಳಿದ ಅರ್ಧ ಅಂಗುಲದಲ್ಲಿ, ಇಕ್ಕಟ್ಟಾಗಿ:
ಕೇಳಿಸಿತು.

ಒಂಬತ್ತಕ್ಕೆ ಬಂದ ಮಾಲೀಕರು ಕನ್ನಡಕ ಸರಿಮಾಡಿಕೊಂಡು
ಏನಮ್ಮ ಇದು, ಯಾರಿಗೆ, ಏನು ಕೇಳಿಸಿತು, ಅಂದರು.
ತಟ್ಟೆ ಮುಂದೆ ಸರಿಸಿದೆ.