ಹದಿನೆಂಟನೇ ನಡೆ

ಬುಡೇನ್ ಸಾಬರ ಮಂಡಕ್ಕಿ ಭಟ್ಟಿಯ ಅಟ್ಟದ ಮೇಲೆ
ಗುರುವಾರ ರಾತ್ರಿ ನಾವು ನಾಲ್ವರು.
ಕೆಳಗೆ ಕಾದ ಮರಳಿಗೆ ಅಕ್ಕಿ ಬಿದ್ದು
ಚಟಪಟ ಅರಳುವ ಸದ್ದು,
ಹಲಗೆಯ ಸಂದಿಯಿಂದ ಏರಿ ಬರುವ ಬಿಸಿ.
ಕರಿಯ ಒಂಟೆ ಒಂದು ಎಂದೋ ಕಳೆದಿದೆ.
ಅದರ ಮನೆಯಲ್ಲಿ ನಿಂತದ್ದು
ರುದ್ರಮುನಿಯಣ್ಣ ಗಿರಣಿಯಿಂದ ತಂದ ಬಾಬಿನ್ನಿನ ತುಂಡು.

ಹಾಲೇಶಿ ಓದುತ್ತಾನೆ.
ವಿಮೆ ಫಾರ್ಮಿನ ಬೆನ್ನ ಮೇಲೆ ಬರೆದು ತಂದಿದ್ದಾನೆ
ಸಾವಿರದ ಎಂಟುನೂರ ಐವತ್ತೊಂದರ ಆಟ.
ಲಂಡನ್ನು. ಪಂದ್ಯಾವಳಿಯ ನಡುವೆ
ಸುಮ್ಮನೆ ಬಿಡುವಿಗೆ ಆಡಿದ್ದು.
ಬಿಳಿ ಕಾಯಿಯವನು ಲೆಕ್ಕದ ಮೇಷ್ಟ್ರು.
"ನನ್ನಂಗೇ ಬಿಡು" ಅಂದ ಅಜ್ಜಯ್ಯ,
ಹರಿಹರದಲ್ಲಿ ಮೂವತ್ತೊಂದು ವರ್ಷ ಭಿನ್ನರಾಶಿ ಕಲಿಸಿದವನು.
ಆಗಿನಿಂದ ಅವನು ಬಿಳಿಯ ಪಕ್ಷ.
ರುದ್ರಮುನಿಯಣ್ಣ ಏನೂ ಅನ್ನದೆ
ಕರಿಯ ಕಡೆಗೆ ಸರಿದು ಕೂತ.
ನನ್ನ ಕೆಲಸ ತಿಂದ ಕಾಯಿಗಳನ್ನು ಕಾಯುವುದು.

ಹದಿನೆಂಟಕ್ಕೆ ಬರುವಾಗ ಟೀ ಆರಿತ್ತು.
ಬಿಳಿ ಒಂಟೆ ನಡೆದು ಹೋಗಿ
ಶತ್ರುವಿನ ಅಂಗಳದಲ್ಲಿ ನಿಂತಿತು
ತನ್ನ ಎರಡೂ ಆನೆಗಳನ್ನು ಬೀದಿಗೆ ಬಿಟ್ಟು.
"ಹುಚ್ಚು ಹಿಡಿದೈತಿ ಇವ್ನಿಗೆ."
"ಹುಚ್ಚಲ್ಲಪ್ಪಾ, ಲೆಕ್ಕ."
ಬಾಬಿನ್ನು ಒಂದು ಆನೆ ತಿಂತು,
ಕರಿ ಮಂತ್ರಿ ಮೂಲೆಯದನ್ನು ತಿಂತು.
ಆಮೇಲೆ ಬಿಳಿಯವನು
ತನ್ನ ಮಂತ್ರಿಯನ್ನೂ ಕೊಟ್ಟ,
ಮದುವೆ ಮನೆಯಲ್ಲಿ ಎಲೆ ಅಡಿಕೆ ಕೊಟ್ಟ ಹಾಗೆ.
ಇಪ್ಪತ್ತಮೂರನೆಯದು, ಒಂಟೆಯ ಒಂದು ಹೆಜ್ಜೆ.
ಕರಿಯ ರಾಜನಿಗೆ ಮನೆಯಿಲ್ಲ.

ಕೈ ಬಿಚ್ಚಿ ನೋಡಿದೆ.
ಎಡಗೈಯಲ್ಲಿ ಬಿಳಿಯ ಮಂತ್ರಿ, ಎರಡಾನೆ,
ಒಂದೊಂಟೆ, ಒಂದು ಕಾಲಾಳು.
ಬಲಗೈಯಲ್ಲಿ ಕರಿಯರ ಮೂರೇ ಮೂರು ಕಾಲಾಳು.
"ಏನೂ ಹೋಗಿಲ್ಲಲ್ಲೋ ಇವಂದು!"

"ನಮ್ ಗಿರಣೀದೂ ಏನ್ ಹೋಗಿತ್ತಪ್ಪಾ"
ಅಂದ ರುದ್ರಮುನಿಯಣ್ಣ.
"ಕದಿರು ಎಲ್ಲಾ ಇದ್ವು. ಹತ್ತಿ ಅಂಡಿಗೆ ಇದ್ವು.
ಬಾಯ್ಲರ್ ಮುಟ್ಟಿದ್ರೆ ಕೈ ಸುಡ್ತಿತ್ತು.
ಬೆಳಗಿನ ಪಾಳಿಗೆ ಬಂದ್ರೆ ಗೇಟಿಗೆ ಚೀಟಿ."
ಯಾರೂ ತಲೆ ಎತ್ತಲಿಲ್ಲ.
"ಹಿಂದಕ್ ಹೋಗ್ರಿ, ಹದಿನೆಂಟಕ್ಕೆ."

ಒಂದೊಂದೇ ಕಾಯಿ ನನ್ನ ಕೈಯಿಂದ ಮನೆಗೆ ಮರಳಿತು.
ಅವನು ಕೂತ. ಭಟ್ಟಿಯ ಬೆಂಕಿ ಇಳಿಯುವವರೆಗೆ ಕೂತ.
ಕೊನೆಗೆ ಮಂತ್ರಿಯನ್ನು ಹಿಡಿದ.
ಮೂಲೆಯ ಆನೆ ತಿಂದ, ರಾಜನಿಗೆ ಕೂಗು ಕೊಟ್ಟ,
ಬಿಳಿ ರಾಜ ಒಂದು ಮನೆ ಮೇಲೆ ಸರಿದ ಕೂಡಲೇ
ಅದೇ ಮಂತ್ರಿಯನ್ನು
ಬಂದ ಮನೆಗೇ ಹಿಂದಕ್ಕಿಟ್ಟ.
ಅಷ್ಟೇ.
ಇನ್ನೊಂದು ಆನೆಯ ಕಡೆ ಇನ್ನೂ ನೋಡಲೇ ಇಲ್ಲ.

ಅಜ್ಜಯ್ಯ ಕನ್ನಡಕ ಒರೆಸಿದ.
ಕುದುರೆ ಹಾರಿಸಿದ, ಕಾಲಾಳು ನೂಕಿದ,
ತನ್ನ ಮಂತ್ರಿಯನ್ನು ಮೂರು ಸಲ ಬಲಿ ಕೊಟ್ಟು
ಮೂರು ಸಲವೂ ವಾಪಸು ತಗೊಂಡ.
ಗಂಟೆ ಹನ್ನೊಂದಾಯಿತು.
ಕರಿ ಗೆಲ್ಲಲಿಲ್ಲ. ಸಾಯಲೂ ಇಲ್ಲ.

"ಹಿಂಗೆ ಆಡಿದ್ರೆ" ಅಂದ ಹಾಲೇಶಿ, ಹಾಳೆ ಮಡಚುತ್ತಾ,
"ಈ ಆಟ ಯಾವನ್ ನೆನಪಿಡ್ತಿದ್ದ?
ನಿಮಗೊಂದ್ ಗೊತ್ತಾ,
ಇದನ್ನ ತನ್ನ ಪತ್ರಿಕೆಯಾಗೆ ಮೊದ್ಲು ಅಚ್ಚು ಹಾಕ್ಸಿದಾವ
ಸೋತಾವನೇ."

ರುದ್ರಮುನಿಯಣ್ಣ ಬಾಬಿನ್ನನ್ನು ಬೆರಳಲ್ಲಿ ತಿರುಗಿಸಿದ,
ನೂಲು ಇದೆಯೇನೋ ಅನ್ನುವ ಹಾಗೆ.

ಕೆಳಗೆ ಬುಡೇನ್ ಸಾಬರು ಪೊಟ್ಟಣ ಕಟ್ಟಿ ಕೊಟ್ಟರು,
"ಯಾರ್ ಗೆದ್ರಪ್ಪಾ?"
"ಇನ್ನೂ ನಡೀತೈತಿ ಸಾಬ್ರೇ."

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು ಗಾಡಿ, ಮುಗಿಯದ ಡಬ್ಬಿಗಳು.
ಆ ಸದ್ದಿನ ನಡುವೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ:
"ಸೋತಿದ್ನ ಅಚ್ಚು ಹಾಕ್ಸಿದ್ನಲ್ಲ,
ಅವತ್ತು ಮನೆಯಾಗೆ ಹೇಳಿದ್ನೋ ಏನೋ?"

ಗೇಟು ಎದ್ದಿತು. ಹಿಂದಿನ ಆಟೋ ಹಾರನ್ ಹೊಡೆಯಿತು.
ಪೊಟ್ಟಣದಲ್ಲಿ ಮಂಡಕ್ಕಿ ಇನ್ನೂ ಬೆಚ್ಚಗಿತ್ತು.