ಹಲಗೆ ಕಿತ್ತ ಗೋಡೆ

ಬೆಳಗ್ಗೆ ಏಳೂವರೆಗೆ ಬರುತ್ತಿದ್ದರು, ಹನ್ನೊಂದು ಮಂದಿ,
ಶಿಕೊಕುವಿನ ಈ ಪುಟ್ಟ ಬಂದರಿನ ಓಣಿಗಳಿಂದ.
ನನ್ನ ಸೈಕಲ್ ಶಾಪಿನ ಮುಂದೆ ಸರ್ರನೆ ಬ್ರೇಕು ಹಿಡಿದು,
ಗದ್ದದ ಪಟ್ಟಿ ಪಟಪಟ ಬಿಚ್ಚಿ,
"ತೊಕುನಾಗಾ ಸಾನ್, ಇಟ್ಟಿರ್ತೀವಿ" ಎಂದು
ಬಿಳಿ ಹೆಲ್ಮೆಟ್ಟುಗಳನ್ನು ಹಲಗೆಯ ಮೇಲೆ ಸಾಲಾಗಿಟ್ಟು
ಏರು ಹತ್ತುತ್ತಿದ್ದರು, ಕಿತ್ತಳೆ ತೋಟಗಳ ನಡುವೆ,
ಕೂದಲಿಗೆ ಗಾಳಿ ಕುಡಿಸುತ್ತ.

ಅಮ್ಮಂದಿರ ಕಣ್ಣು ನನ್ನ ಅಂಗಡಿಯ ತಿರುವಿಗೆ ಮುಗಿಯುತ್ತದೆ.
ಶಾಲೆಯ ಗೇಟಿನಲ್ಲಿ ನಿಲ್ಲುವ ಮೇಷ್ಟರು
"ನಾಳೆ ಹಾಕಿಕೊಂಡು ಬನ್ನಿ" ಎನ್ನುವುದರಲ್ಲೇ
ಎರಡು ವರ್ಷ ಕಳೆದರು.

ಹಲಗೆ ನಾನೇ ಹೊಡೆದದ್ದು. ತಪ್ಪು ಒಪ್ಪುತ್ತೇನೆ.
ಹದಿಮೂರರಲ್ಲಿ ನನ್ನ ತಲೆಯನ್ನೂ ಶಾಲೆ ನುಣ್ಣಗೆ ಬೋಳಿಸಿತ್ತು;
ಕನ್ನಡಿಗೆ ಬೆನ್ನು ಹಾಕಿ ಹಲ್ಲುಜ್ಜಿದವನು ನಾನು.
ಅದಕ್ಕೇ ಕೊಹಾರು ತನ್ನ ಹಣೆಗೂದಲನ್ನು
ಪಂಪಿನ ಹೊಳಪಿನಲ್ಲಿ ತಿದ್ದಿಕೊಳ್ಳುವಾಗ
ಟ್ಯೂಬಿಗೆ ತೇಪೆ ಹಚ್ಚುವವನ ಹಾಗೆ ತಲೆ ತಗ್ಗಿಸುತ್ತಿದ್ದೆ.
ಹೆಲ್ಮೆಟ್ಟಿಗೆ ಅವರಿಟ್ಟ ಹೆಸರು: ಬೇಯಿಸಿದ ಮೊಟ್ಟೆ.
ನಿಜ ಹೇಳಬೇಕೆಂದರೆ ಹಾಗೇ ಕಾಣುತ್ತದೆ.

ಸಂಜೆ ಐದಕ್ಕೆ ಒಂದೊಂದೇ ಮೊಟ್ಟೆ ಹಾರಿಹೋಗುತ್ತಿತ್ತು.
ಹಲಗೆ ಖಾಲಿ, ಷಟರ್ ಕೆಳಗೆ, ದಿನ ಮುಗಿಯಿತು.

ಅಕ್ಟೋಬರಿನ ಆ ಮಂಗಳವಾರ ಹತ್ತು ಹೋದವು.
ಹನ್ನೊಂದನೆಯದರ ಒಳಗೆ, ಸ್ಪಂಜಿನ ಮೇಲೆ,
ಅಜ್ಜಿ ಕುಂಚದಲ್ಲಿ ಬರೆದುಕೊಟ್ಟ ಹೆಸರು: ಕೊಹಾರು.
ಐದೂವರೆ. ಆರು. ಕತ್ತಲು ಬಂದರನ್ನು ನುಂಗಿತು.
ಸ್ಪ್ಯಾನರ್ ಎತ್ತಿದೆ, ಇಟ್ಟೆ. ಮತ್ತೆ ಎತ್ತಿದೆ.
ಎಲ್ಲೋ ಒಂದು ಆಂಬುಲೆನ್ಸ್ ಕೂಗಿತು;
ಬೇರೆ ಊರಿನದಾಗಿರಲಿ ಎಂದೆ,
ಬೇರೆ ಊರಿನಲ್ಲೂ ಅಜ್ಜಿಯರಿದ್ದಾರೆಂದು ಮರೆತು.

ಏಳಕ್ಕೆ ಬಂದಳು, ಸೈಕಲ್ ನೂಕಿಕೊಂಡು.
ಮುಂದಿನ ಚಕ್ರ ಸೊಟ್ಟ, ಮೊಣಕೈ ತರಚು, ಕಿವಿಯೊಳಗೆ ಕೆಸರು.
"ಕೊಯ್ಲಾದ ಗದ್ದೆಗೆ ಬಿದ್ದೆ," ಎಂದಳು, ಗೆದ್ದವಳಂತೆ.
"ಆಚೆ ಪಕ್ಕ ಕಾಂಕ್ರೀಟ್ ಕಾಲುವೆ ಇತ್ತು,"
ಎಂದಳು ಆಮೇಲೆ, ಮೆಲ್ಲಗೆ.
ಕೂದಲೆಳೆಯಲ್ಲಿ ಪಾರು ಎನ್ನುತ್ತಾರಲ್ಲ,
ಆ ಕೂದಲು ಅವಳ ಹಣೆಗೆ ಕೆಸರಲ್ಲಿ ಅಂಟಿತ್ತು.

ಬೈಯಲಿಲ್ಲ. ತಲೆ ಗಟ್ಟಿಯಿದೆಯೆಂದು ಬಂಡೆ ಹಾಯಬಾರದು
ಎನ್ನುವ ಮಾತು ಬಾಯಿಗೆ ಬಂತು, ನುಂಗಿದೆ:
ಬಂಡೆಗೆ ದಾರಿ ಮಾಡಿಕೊಟ್ಟವನು ನಾನೇ ಅಲ್ಲವೇ.
ಕಡ್ಡಿಗಳನ್ನು ಒಂದೊಂದೇ ಬಿಗಿದು, ತಿರುಗಿಸಿ, ಮತ್ತೆ ಬಿಗಿದು,
ಸೊಟ್ಟಾದ ಚಕ್ರ ನೆಟ್ಟಗಾಗುತ್ತದೆ, ಮಗೂ,
ಅಷ್ಟು ಮಾತ್ರ ಹೇಳಿದೆ. ದುಡ್ಡು ತೆಗೆದುಕೊಳ್ಳಲಿಲ್ಲ.

ರಾತ್ರಿ ಹಲಗೆ ಕಿತ್ತೆ.

ಬೆಳಗ್ಗೆ ಅವರು ಬಂದಾಗ ಗೋಡೆಯಲ್ಲಿ ನಾಲ್ಕು ತೂತು,
ಕೆಳಗೆ ನಾನು, ಅರವತ್ತೆಂಟರ ಬೋಳು ತಲೆಯ ಮೇಲೆ
ಮಾರಾಟವಾಗದೆ ಉಳಿದ ಬಿಳಿಯದೊಂದು, ಬೆಲೆಚೀಟಿ ಸಹಿತ,
ಸೈಕಲ್ ಹಿಡಿದು ಹೊರಟವನು, ಅವರ ಜೊತೆ, ಏರಿನ ತುದಿಯವರೆಗೆ.
"ಮೊಟ್ಟೆ! ಮೊಟ್ಟೆ!" ಹತ್ತೂ ಮಂದಿ ನಕ್ಕರು.
ರಿಕುತೊ ಸೈಕಲ್ಲಿನಿಂದ ಬೀಳುವಷ್ಟು ನಕ್ಕ.
ಬೀಳಲಿಲ್ಲ. ಬಿದ್ದಿದ್ದರೂ ಅವನ ತಲೆಯ ಮೇಲೆ ಅದು ಇನ್ನೂ ಇತ್ತು,
ಇಡಲು ಜಾಗ ಸಿಗದೆ.

ಕೊಹಾರು ನಗಲಿಲ್ಲ. ಇಳಿದು ಬಂದು,
"ಪಟ್ಟಿ ಸಡಿಲ, ಹೀಗೆ ಹಾಕಿದರೆ ಹಾಕಿದ ಹಾಗಲ್ಲ," ಎಂದು
ನನ್ನ ಗದ್ದದ ಕೆಳಗೆ ಕೊಕ್ಕೆ ಒತ್ತಿದಳು.
ಜೋಲು ಚರ್ಮ ಸಿಕ್ಕಿಕೊಂಡಿತು.
ಅಯ್ಯೋ ಎಂದೆ.
"ಎರಡು ದಿನ ಅಷ್ಟೇ," ಎಂದಳು,
"ಆಮೇಲೆ ಇದೆಯೆಂದೇ ಮರೆತುಹೋಗುತ್ತದೆ."